ಶ್ರುತಭಂಡಾರ ಮತ್ತು ಸರ್ವರ್: ಗಣಕಸ್ಥ ಹಸ್ತಪ್ರತಿಗಳ ಪಾಲನಾವಿಧಾನ

ಬೆಂಗಳೂರಿನ ವಿಶ್ವೇಶ್ವರಪುರಂ ಮತ್ತು ಅದರ ನೆರೆಯ ಬಸವನಗುಡಿ, ಚಾಮರಾಜಪೇಟೆಗಳು ಜೈನ ಸಮಾಜಕ್ಕೂ ಕನ್ನಡ ವಿದ್ವತ್ತಿಗೂ ಬಹುಕಾಲದಿಂದ ಆಶ್ರಯವಿತ್ತ ಬಡಾವಣೆಗಳು. ದಿಗಂಬರರ ಶ್ರುತಪಂಚಮಿ, ಶ್ವೇತಾಂಬರರ ಜ್ಞಾನಪಂಚಮಿ ಎರಡೂ ಈ ಭಾಗದಲ್ಲಿ ಆಚರಿಸಲ್ಪಡುತ್ತವೆ. ಗ್ರಂಥಗಳನ್ನು ಹೊರತೆಗೆದು, ಧೂಳು ಝಾಡಿಸಿ, ಹೊಸ ವಸ್ತ್ರದಲ್ಲಿ ಕಟ್ಟಿ ಪೂಜಿಸುವುದು ಆ ದಿನಗಳ ವಿಧಿ. ಈಗ ಇಲ್ಲಿನ ವಿದ್ವಾಂಸರ ಮನೆಗಳಲ್ಲಿ ತಾಳೆಗರಿಯ ಕಟ್ಟುಗಳ ಪಕ್ಕದಲ್ಲಿಯೇ ಹಸ್ತಪ್ರತಿಗಳ ಛಾಯಾಚಿತ್ರಗಳನ್ನು ತುಂಬಿಕೊಂಡ ಹಾರ್ಡ್ ಡಿಸ್ಕುಗಳು ಇರುವುದು ಅಪರೂಪವಲ್ಲ. ಕಟ್ಟುಗಳನ್ನು ವರ್ಷಕ್ಕೊಮ್ಮೆಯಾದರೂ ಬಿಚ್ಚುತ್ತಾರೆ. ಡಿಸ್ಕುಗಳನ್ನು ಬಿಚ್ಚಿ ನೋಡುವ ವಿಧಿ ಇನ್ನೂ ರೂಢಿಗೆ ಬಂದಿಲ್ಲ.

2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು ಸ್ಥಾಪಿತವಾದ ಬಳಿಕ ಗಣಕೀಕರಣದ ಕಾರ್ಯವು ದೇಶದಾದ್ಯಂತ ವ್ಯಾಪಕವಾಯಿತು. 2025-26ನೆಯ ಸಾಲಿನ ಕೇಂದ್ರ ಮುಂಗಡಪತ್ರದಲ್ಲಿ ಜ್ಞಾನ ಭಾರತಂ ಯೋಜನೆಯು ಘೋಷಿತವಾಗಿ, ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳ ಸಮೀಕ್ಷೆ, ದಾಖಲೀಕರಣ ಮತ್ತು ಸಂರಕ್ಷಣೆಗಳು ಅದರ ಗುರಿಯೆಂದು ಹೇಳಲಾಯಿತು. ಆದುದರಿಂದ ಛಾಯಾಚಿತ್ರವನ್ನು ತೆಗೆಯುವುದು ಹೇಗೆ ಎಂಬ ಪ್ರಶ್ನೆಗಿಂತ, ತೆಗೆದುದನ್ನು ನೂರು ವರ್ಷ ಉಳಿಸುವುದು ಹೇಗೆ ಎಂಬ ಪ್ರಶ್ನೆಯೇ ಇಂದು ಭಂಡಾರಗಳ ಮುಂದೆ ಪ್ರಧಾನವಾಗಿ ನಿಂತಿದೆ. ಇದಕ್ಕೆ ಉತ್ತರವು ಸರ್ವರ್ ಎಂಬ ಯಂತ್ರದಲ್ಲಿಲ್ಲ, ಅದರ ಪಾಲನೆಯಲ್ಲಿದೆ. ಆ ಪಾಲನೆಯ ತತ್ತ್ವಗಳು ಜೈನ ಗ್ರಂಥಪರಂಪರೆಗೆ ಅಪರಿಚಿತವಾದುವಲ್ಲ ಎಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಬೆಂಗಳೂರಿನಲ್ಲಿಯೇ ನಡೆದ ಒಂದು ದೃಷ್ಟಾಂತ

ಮಲ್ಲೇಶ್ವರಕ್ಕೆ ಸಮೀಪದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯ, ಹೈದರಾಬಾದಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ಮೊದಲಾದುವುಗಳೊಡನೆ ಸೇರಿ 'ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ' ಎಂಬ ಮಹಾಯೋಜನೆಯನ್ನು ಕೈಗೊಂಡುದು ಈ ಶತಮಾನದ ಆರಂಭದಲ್ಲಿ. ಹಲವು ಭಾರತೀಯ ಭಾಷೆಗಳ ಐದು ಲಕ್ಷದಷ್ಟು ಮುದ್ರಿತ ಪುಸ್ತಕಗಳು ಪುಟಪುಟವಾಗಿ ಚಿತ್ರೀಕರಿಸಲ್ಪಟ್ಟು ಸರ್ವರುಗಳಲ್ಲಿ ಇರಿಸಲ್ಪಟ್ಟುವು. ಎಲ್ಲಿಯೂ ದೊರೆಯದ ಹಳೆಯ ಮುದ್ರಣಗಳು ಮನೆಯಲ್ಲಿಯೇ ಕುಳಿತವರ ಕಣ್ಣೆದುರಿಗೆ ಬಂದುದು ಸಂಶೋಧಕರಿಗೆ ದೊಡ್ಡ ಉಪಕಾರವಾಯಿತು.

ಆದರೆ ಆ ಭಂಡಾರವನ್ನು ಬಳಸಿದವರೆಲ್ಲರೂ ಬಲ್ಲಂತೆ, ಸರ್ವರ್ ಅನೇಕ ವೇಳೆ ದೊರೆಯುತ್ತಿರಲಿಲ್ಲ; ಕೆಲವು ಪುಸ್ತಕಗಳ ನಡುವಣ ಪುಟಗಳು ತೆರೆಯುತ್ತಿರಲಿಲ್ಲ; ರೋಮನ್ ಲಿಪಿಯಲ್ಲಿ ನಮೂದಾದ ಹೆಸರುಗಳು ತಪ್ಪಾಗಿದ್ದುದರಿಂದ ಇರುವ ಪುಸ್ತಕವೂ ಇಲ್ಲದಂತೆಯೇ ಆಗುತ್ತಿತ್ತು. 2017ರ ಸುಮಾರಿಗೆ ಅದರ ಮೂಲ ತಾಣಗಳು ಸಾರ್ವಜನಿಕರಿಗೆ ದೊರೆಯದಂತಾದುವು. ಆದರೂ ಆ ಸಂಗ್ರಹದ ಬಹುಭಾಗವು ಇಂದಿಗೂ ಓದಲು ಸಿಕ್ಕುತ್ತಿದೆ. ಅದಕ್ಕೂ ಮುನ್ನವೇ ಲಕ್ಷಗಟ್ಟಲೆ ಪುಸ್ತಕಗಳು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ 'ಇಂಟರ್ನೆಟ್ ಆರ್ಕೈವ್' ಎಂಬ ಸಂಸ್ಥೆಯ ಭಂಡಾರಕ್ಕೆ ಪ್ರತಿಯಾಗಿ ಹೋಗಿದ್ದುದೇ ಇದಕ್ಕೆ ಕಾರಣ. ಉಳಿಸಿದುದು ಮೂಲ ಯಂತ್ರವಲ್ಲ, ಬೇರೊಂದು ಕಡೆ ಇದ್ದ ಪ್ರತಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯ ಶಾಸ್ತ್ರದಾನದ ಮರ್ಮವೂ ಇದೇ ಆಗಿದೆ.

ಸರ್ವರಿನ ಸ್ವರೂಪ

ಸರ್ವರ್ ಎಂಬುದು ಅನೇಕರ ಕೋರಿಕೆಗಳಿಗೆ ಹಗಲಿರುಳೂ ಉತ್ತರ ಕೊಡುವಂತೆ ನಿರ್ಮಿತವಾದ ಗಣಕ. ಮೇಜಿನ ಮೇಲಿನ ಗಣಕಕ್ಕೂ ಇದಕ್ಕೂ ಇರುವ ಮುಖ್ಯ ಭೇದವೆಂದರೆ, ಒಂದು ಅವಯವವು ಕೆಟ್ಟರೂ ಕಾರ್ಯವು ನಿಲ್ಲಬಾರದೆಂಬ ಸಂಕಲ್ಪದಿಂದ ಇದು ರಚಿತವಾಗಿರುವುದು. ವಿದ್ಯುತ್ತನ್ನು ಒದಗಿಸುವ ಘಟಕಗಳು ಎರಡು. ಗಾಳಿ ಬೀಸುವ ಫ್ಯಾನುಗಳು ಅಗತ್ಯಕ್ಕಿಂತ ಹೆಚ್ಚು. ಸ್ಮೃತಿಯಲ್ಲಿ ಒಂದು ಸಂಕೇತವು ತಪ್ಪಿದರೆ ತಾನೇ ತಿದ್ದಿಕೊಳ್ಳುವ ಏರ್ಪಾಡು ಬೇರೆ. ವಿದ್ಯುತ್ತು ಹೋದಾಗ ಬ್ಯಾಟರಿಗಳು ಕೆಲವು ನಿಮಿಷ ಭಾರವನ್ನು ಹೊರುತ್ತವೆ. ಅಷ್ಟರಲ್ಲಿ ಜನರೇಟರ್ ಹೊತ್ತಿಕೊಳ್ಳಬೇಕು, ಇಲ್ಲವೇ ಯಂತ್ರವನ್ನು ಕ್ರಮವಾಗಿ ನಿಲ್ಲಿಸಬೇಕು. ಒಳಸೇರುವ ಗಾಳಿಯ ಉಷ್ಣತೆಯು 18ರಿಂದ 27 ಡಿಗ್ರಿ ಸೆಲ್ಸಿಯಸ್‌ನೊಳಗೆ ಇರಬೇಕೆಂಬುದು ಸಾಮಾನ್ಯ ನಿಯಮ. ತಾಳೆಗರಿಗೆ ತೇವವೂ ಹುಳುವೂ ಹೇಗೆ ಶತ್ರುಗಳೋ ಹಾಗೆಯೇ ಈ ಯಂತ್ರಕ್ಕೆ ಉಷ್ಣತೆಯೂ ಧೂಳೂ ಶತ್ರುಗಳು.

ದತ್ತಾಂಶವು ಹಾರ್ಡ್ ಡಿಸ್ಕುಗಳ ಸಮೂಹದಲ್ಲಿ ಇರುತ್ತದೆ. 'ರೇಡ್' ಎಂಬ ವ್ಯವಸ್ಥೆಯಲ್ಲಿ ಒಂದೇ ವಿಷಯವು ಹಲವು ಡಿಸ್ಕುಗಳಲ್ಲಿ ಹಂಚಿಕೆಯಾಗಿ, ಒಂದೋ ಎರಡೋ ಡಿಸ್ಕುಗಳು ಕೆಟ್ಟರೂ ಉಳಿದವುಗಳಿಂದ ಪೂರ್ಣ ಪಾಠವನ್ನು ಪುನಃ ಪಡೆಯಬಹುದು. ಕೆಟ್ಟ ಡಿಸ್ಕನ್ನು ತಡವಿಲ್ಲದೆ ಬದಲಾಯಿಸಬೇಕು. ಒಂದು ಕೆಟ್ಟ ಮೇಲೂ ಯಂತ್ರವು ನಡೆಯುತ್ತಿದೆಯೆಂದು ಸುಮ್ಮನಿದ್ದರೆ, ಮತ್ತಷ್ಟು ಡಿಸ್ಕುಗಳು ಕೆಟ್ಟ ದಿನ ಎಲ್ಲವೂ ಹೋಗುತ್ತದೆ.

ರೇಡ್ ವ್ಯವಸ್ಥೆ ಇರುವುದರಿಂದ ಬೇರೆ ಪ್ರತಿ ಬೇಕಿಲ್ಲವೆಂಬ ಭಾವನೆ ಬಹುಜನರಲ್ಲಿದೆ. ಇದು ತಪ್ಪು. ಒಬ್ಬ ವಾಚಕನು ಓದಿದುದನ್ನು ಇಬ್ಬರು ಲಿಪಿಕಾರರು ಏಕಕಾಲದಲ್ಲಿ ಬರೆದುಕೊಳ್ಳುವುದನ್ನು ಇಲ್ಲಿ ನೆನೆಯಬಹುದು. ಒಬ್ಬನ ಓಲೆ ಹರಿದರೆ ಮತ್ತೊಬ್ಬನದು ಉಳಿಯುತ್ತದೆ, ನಿಜ. ಆದರೆ ವಾಚಕನೇ ಒಂದು ಸಾಲನ್ನು ಬಿಟ್ಟು ಓದಿದರೆ ಇಬ್ಬರ ಪ್ರತಿಯಲ್ಲಿಯೂ ಆ ಸಾಲು ಇರುವುದಿಲ್ಲ. ಅಂತೆಯೇ ಪಾಲಕನು ಕೈತಪ್ಪಿ ಒಂದು ಕಡತವನ್ನು ಅಳಿಸಿದರೆ, ಸಮೂಹದ ಎಲ್ಲ ಡಿಸ್ಕುಗಳಿಂದಲೂ ಅದು ಆ ಕ್ಷಣದಲ್ಲಿಯೇ ಅಳಿಯುತ್ತದೆ. ಯಂತ್ರದ ಕೇಡಿನಿಂದ ರಕ್ಷಿಸುವ ಏರ್ಪಾಡು ಮನುಷ್ಯನ ತಪ್ಪಿನಿಂದ ರಕ್ಷಿಸಲಾರದು.

ಅಧಿಕಾಕ್ಷರ, ಹೀನಾಕ್ಷರ

ಧರಸೇನಾಚಾರ್ಯರು ಗಿರಿನಗರದ ಚಂದ್ರಗುಹೆಯಲ್ಲಿ ತಮ್ಮ ಬಳಿಗೆ ಬಂದ ಇಬ್ಬರು ಮುನಿಗಳನ್ನು ಪರೀಕ್ಷಿಸಿದ ವೃತ್ತಾಂತವು ಧವಲಾ ಟೀಕೆಯಲ್ಲಿ ಬಂದಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಒಬ್ಬರಿಗೆ ಒಂದಕ್ಷರ ಅಧಿಕವಾದ, ಮತ್ತೊಬ್ಬರಿಗೆ ಒಂದಕ್ಷರ ಹೀನವಾದ ವಿದ್ಯೆಯನ್ನು ಕೊಟ್ಟರು. ಸಾಧನೆಯಲ್ಲಿ ತೋರಿದ ದೇವತೆಗಳು ವಿಕೃತಾಂಗರಾಗಿದ್ದುದನ್ನು ಕಂಡು, ದೋಷವು ಮಂತ್ರದಲ್ಲಿದೆಯೆಂದು ಅರಿತು, ಅಕ್ಷರಗಳನ್ನು ಸರಿಪಡಿಸಿಕೊಂಡ ಮುನಿಗಳಿಗೆ ಆಚಾರ್ಯರು ಶ್ರುತವನ್ನು ಧಾರೆಯೆರೆದರು. ಅವರೇ ಮುಂದೆ ಪುಷ್ಪದಂತ ಮತ್ತು ಭೂತಬಲಿ ಎಂದು ಖ್ಯಾತರಾದರು. ಪಾಠವನ್ನು ಹೊರಲು ಯೋಗ್ಯರಾರು ಎಂಬುದಕ್ಕೆ ಆಚಾರ್ಯರು ಇಟ್ಟ ಒರೆಗಲ್ಲು ಒಂದೇ: ಒಂದಕ್ಷರ ಹೆಚ್ಚು ಕಡಮೆಯಾದುದನ್ನು ತಾನಾಗಿಯೇ ಕಂಡುಹಿಡಿಯಬಲ್ಲನೇ?

ಸರ್ವರಿನಲ್ಲಿಯೂ ಈ ಪರೀಕ್ಷೆಯೇ ಜೀವಾಳ. ಡಿಸ್ಕಿನಲ್ಲಿರುವ ಸಂಕೇತಗಳು ಯಾರೂ ಮುಟ್ಟದಿದ್ದರೂ ಕಾಲಕ್ರಮದಲ್ಲಿ ಅಲ್ಲೊಂದು ಇಲ್ಲೊಂದು ಕೆಡಬಹುದು. ಕೆಟ್ಟುದು ತೆರೆದು ನೋಡುವವರೆಗೆ ಗೊತ್ತಾಗುವುದಿಲ್ಲ. ಇದನ್ನು ಹಿಡಿಯಲು ಪ್ರತಿಯೊಂದು ಚಿತ್ರಕ್ಕೂ ಚೆಕ್‌ಸಮ್ ಎಂಬ ಪರೀಕ್ಷಾಮುದ್ರೆಯನ್ನು ಗಣಿಸಿ ಪ್ರತ್ಯೇಕವಾಗಿ ಬರೆದಿಡುತ್ತಾರೆ. ಎಸ್‌ಎಚ್‌ಎ-256 ಎಂಬ ಕ್ರಮದಲ್ಲಿ ಈ ಮುದ್ರೆಯು 64 ಚಿಹ್ನೆಗಳುಳ್ಳದ್ದು. ಚಿತ್ರದ ಒಂದೇ ಒಂದು ಸಂಕೇತವು ಬದಲಾದರೂ ಮುದ್ರೆಯು ಸಂಪೂರ್ಣವಾಗಿ ಬೇರೆಯಾಗುತ್ತದೆ. ನಿಯತಕಾಲದಲ್ಲಿ ಎಲ್ಲ ಚಿತ್ರಗಳನ್ನೂ ಮತ್ತೆ ಓದಿಸಿ, ಹೊಸ ಮುದ್ರೆಯನ್ನು ಹಳೆಯದರೊಡನೆ ತಾಳೆ ನೋಡಿ, ಭಿನ್ನವಾದುದನ್ನು ಬೇರೆ ಪ್ರತಿಯಿಂದ ಸರಿಪಡಿಸಬೇಕು.

ಪ್ರಾಚೀನ ಲಿಪಿಕಾರರು ಗ್ರಂಥಾಂತ್ಯದಲ್ಲಿ ಕೊಡುತ್ತಿದ್ದ ಗ್ರಂಥಾಗ್ರವು ಇದರ ಪೂರ್ವರೂಪವೆನ್ನಬಹುದು. 32 ಅಕ್ಷರಗಳನ್ನು ಒಂದು ಗ್ರಂಥವೆಂದು ಎಣಿಸಿ, ಧವಲೆಯ ಪ್ರಮಾಣ 72,000, ಜಯಧವಲೆಯದು 60,000 ಎಂದು ಪರಂಪರೆಯು ಹೇಳುತ್ತದೆ. ಗ್ರಂಥಾಗ್ರವು ಲೋಪವನ್ನೂ ಪ್ರಕ್ಷೇಪವನ್ನೂ ಹಿಡಿಯಬಲ್ಲದು. ಒಂದಕ್ಷರದ ಸ್ಥಾನದಲ್ಲಿ ಇನ್ನೊಂದು ಬಂದರೆ ಹಿಡಿಯಲಾರದು. ಚೆಕ್‌ಸಮ್ ಅದನ್ನೂ ಹಿಡಿಯುತ್ತದೆ. ಆದರೆ ಅದಕ್ಕೂ ಒಂದು ಮಿತಿಯುಂಟು. ಭಂಡಾರಕ್ಕೆ ಒಪ್ಪಿಸಿದ ದಿನ ಚಿತ್ರವು ಹೇಗಿತ್ತೋ ಹಾಗೆಯೇ ಇದೆಯೆಂದು ಅದು ಹೇಳುತ್ತದೆಯೇ ಹೊರತು, ಆ ದಿನವೇ ಒಂದು ಗರಿಯ ಚಿತ್ರವು ಬಿಟ್ಟುಹೋಗಿದ್ದರೆ ಅದನ್ನು ಹೇಳಲಾರದು. ಆದುದರಿಂದ ಗರಿಗಳ ಎಣಿಕೆಯೊಡನೆ ಚಿತ್ರಗಳ ಎಣಿಕೆಯನ್ನು ಒಪ್ಪಿಸುವ ದಿನವೇ ಕೈಯಾರೆ ತಾಳೆ ನೋಡುವುದು ಅನಿವಾರ್ಯ.

ಪ್ರತಿಗಳು ಎಷ್ಟು, ಎಲ್ಲಿ

ಒಟ್ಟು ಮೂರು ಪ್ರತಿಗಳು, ಎರಡು ಭಿನ್ನ ಮಾಧ್ಯಮಗಳಲ್ಲಿ, ಒಂದಾದರೂ ಬೇರೆ ಊರಿನಲ್ಲಿ: ಇದು ಬಲ್ಲವರು ಒಪ್ಪಿದ ಕನಿಷ್ಠ ನಿಯಮ. ಇದರ ಪ್ರಮಾಣವನ್ನು ತಿಳಿಯಲು ಒಂದು ಗಣನೆಯನ್ನು ಮಾಡಬಹುದು. ಒಂದು ಭಂಡಾರದಲ್ಲಿ 5,000 ಕಟ್ಟುಗಳಿದ್ದು, ಒಂದೊಂದರಲ್ಲಿ ಸರಾಸರಿ 200 ಗರಿಗಳು, ಅಂದರೆ 400 ಪಾರ್ಶ್ವಗಳು ಇವೆಯೆಂದು ಇಟ್ಟುಕೊಳ್ಳೋಣ. ಒಂದು ಪಾರ್ಶ್ವದ ಉತ್ತಮ ಚಿತ್ರಕ್ಕೆ 100 ಮೆಗಾಬೈಟ್ ಎಂದು ಹಿಡಿದರೆ ಒಂದು ಕಟ್ಟಿಗೆ 40 ಗಿಗಾಬೈಟ್, ಇಡೀ ಭಂಡಾರಕ್ಕೆ 200 ಟೆರಾಬೈಟ್ ಆಗುತ್ತದೆ. ಎಲ್‌ಟಿಓ-9 ಎಂಬ ಕಾಂತಪಟ್ಟಿಯ ಒಂದು ಸುರುಳಿಯಲ್ಲಿ 18 ಟೆರಾಬೈಟ್ ಹಿಡಿಯುವುದರಿಂದ ಒಂದು ಪೂರ್ಣ ಪ್ರತಿಗೆ 12 ಸುರುಳಿಗಳು ಸಾಕು. ಇವು ಒಂದು ಸಣ್ಣ ಕೈಪೆಟ್ಟಿಗೆಯಲ್ಲಿ ಹಿಡಿಯುತ್ತವೆ. ಬಳಸದಿರುವಾಗ ವಿದ್ಯುತ್ತು ಬೇಡ; ಯಂತ್ರದಿಂದ ಬೇರ್ಪಟ್ಟು ಕಪಾಟಿನಲ್ಲಿರುವುದರಿಂದ ದೂರದಿಂದ ನುಗ್ಗುವ ಕಳ್ಳರಿಗೂ ಎಟುಕುವುದಿಲ್ಲ. ಇದೇ 200 ಟೆರಾಬೈಟನ್ನು ಕ್ಷಣಕ್ಕೆ 100 ಮೆಗಾಬಿಟ್ ವೇಗದ ಜಾಲಸಂಪರ್ಕದಲ್ಲಿ ಬೇರೆ ಊರಿಗೆ ಕಳುಹಿಸಲು ಆರು ತಿಂಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆ. ದೊಡ್ಡ ಭಂಡಾರದ ಪ್ರತಿಯನ್ನು ಕೈಯಲ್ಲಿ ಹೊತ್ತೊಯ್ಯುವ ಪದ್ಧತಿಯು ಇಂದಿಗೂ ಅಳಿದಿಲ್ಲ.

ಈ ನಿಯಮವನ್ನು ಬಿಟ್ಟವರಿಗೆ ಆದ ಹಾನಿಗೆ ನಿದರ್ಶನಗಳು ಬೇಕಾದಷ್ಟಿವೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಸಂಸ್ಥೆಯ ಸರ್ವರ್ ಭವನವೊಂದು ಸುಟ್ಟುಹೋದಾಗ, ಪ್ರತಿಯನ್ನೂ ಅದೇ ಆವರಣದಲ್ಲಿ ಇರಿಸಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಿಯಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಯಿಂದ ಹೊತ್ತಿದ ಬೆಂಕಿಯಲ್ಲಿ 858 ಟೆರಾಬೈಟಿನ ಸಂಗ್ರಹವೊಂದು ನಾಶವಾಯಿತು. ಅಷ್ಟು ದೊಡ್ಡದಕ್ಕೆ ಪ್ರತಿ ಮಾಡುವುದು ಕಷ್ಟವೆಂಬ ಕಾರಣದಿಂದಲೇ ಅದಕ್ಕೆ ಹೊರಗಿನ ಪ್ರತಿ ಇರಲಿಲ್ಲ. ವಿದ್ಯುತ್ತು ತಪ್ಪದಿರಲೆಂದು ಇಟ್ಟ ಬ್ಯಾಟರಿಯೇ ಅಲ್ಲಿ ನಾಶಕ್ಕೆ ಕಾರಣವಾದುದು ಗಮನಾರ್ಹ.

ತೆರೆಯದ ಪ್ರತಿಯು ಪ್ರತಿಯಲ್ಲ

ಪ್ರತಿ ಇದೆಯೆಂಬ ನಂಬಿಕೆಯೇ ಬೇರೆ, ಅದು ತೆರೆಯುತ್ತದೆಯೆಂಬ ಅರಿವೇ ಬೇರೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ಪಾಲಕನೊಬ್ಬನು ಒಂದು ಸರ್ವರೆಂದು ಭಾವಿಸಿ ಮತ್ತೊಂದು ಸರ್ವರಿನ ದತ್ತಾಂಶವನ್ನು ಅಳಿಸಿದನು. ಪ್ರತಿ ಮಾಡುವ ಹಲವು ಕ್ರಮಗಳು ಅಲ್ಲಿ ಇದ್ದುವು. ಪರೀಕ್ಷಿಸಲಾಗಿ ನಿತ್ಯದ ಪ್ರತಿಯು ಆಗುತ್ತಲೇ ಇರಲಿಲ್ಲವೆಂದೂ, ಅದು ವಿಫಲವಾಗಿದೆಯೆಂಬ ಎಚ್ಚರಿಕೆಯ ಪತ್ರಗಳು ಯಾರಿಗೂ ತಲುಪುತ್ತಿರಲಿಲ್ಲವೆಂದೂ ತಿಳಿದುಬಂದಿತು. ಆಕಸ್ಮಿಕವಾಗಿ ಆರು ಗಂಟೆಗಳ ಹಿಂದೆ ಕೈಯಾರೆ ತೆಗೆದಿದ್ದ ಒಂದು ಪ್ರತಿಯಿಂದ ಸಂಸ್ಥೆಯು ಉಳಿಯಿತು.

ಜೈನ ಹಸ್ತಪ್ರತಿಗಳ ಅಧ್ಯೇತೃಗಳಿಗೆ ಇನ್ನೂ ಸಮೀಪವಾದ ಉದಾಹರಣೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯದು. ಅಲ್ಲಿನ ಜೈನ ಹಸ್ತಪ್ರತಿಗಳ ವಿವರಣಾತ್ಮಕ ಸೂಚಿಯು ಮೂರು ಸಂಪುಟಗಳಲ್ಲಿ 2006ರಲ್ಲಿ ಪ್ರಕಟವಾಗಿದೆ. 2023ರ ಅಕ್ಟೋಬರ್ ಕೊನೆಯಲ್ಲಿ ಆ ಗ್ರಂಥಾಲಯದ ಸರ್ವರುಗಳೊಳಕ್ಕೆ ಸುಲಿಗೆಕಾರರು ನುಗ್ಗಿ ಅವುಗಳನ್ನು ನಿರುಪಯುಕ್ತಗೊಳಿಸಿದರು. ಗಣಕೀಕೃತ ಹಸ್ತಪ್ರತಿಗಳು ಬಹುಕಾಲ ಓದುಗರಿಗೆ ದೊರೆಯಲಿಲ್ಲ. ಗ್ರಂಥಾಲಯವು 2024ರ ಮಾರ್ಚಿನಲ್ಲಿ ಪ್ರಕಟಿಸಿದ ವರದಿಯು ತನ್ನ ದೋಷಗಳನ್ನು ಮರೆಮಾಚದೆ ಹೇಳಿದೆ: ಸಂಗ್ರಹಗಳ ಸುರಕ್ಷಿತ ಪ್ರತಿಗಳು ಇದ್ದುವು, ಆದರೆ ಅವುಗಳನ್ನು ಮರಳಿ ಸ್ಥಾಪಿಸಲು ತಕ್ಕ ಯಂತ್ರವ್ಯವಸ್ಥೆ ಉಳಿದಿರಲಿಲ್ಲ, ಹಳೆಯ ತಂತ್ರಾಂಶಗಳು ಹೊಸ ವ್ಯವಸ್ಥೆಯಲ್ಲಿ ನಡೆಯುತ್ತಿರಲಿಲ್ಲ. ಪ್ರತಿಯೊಂದಿದ್ದು ಪೀಠವಿಲ್ಲದಿದ್ದರೆ ವಾಚನವಿಲ್ಲ.

ಆದುದರಿಂದ ಪುನಃಸ್ಥಾಪನೆಯ ಪ್ರಯೋಗವೇ ಪಾಲನೆಯ ಪರಮ ಪರೀಕ್ಷೆ. ಮೇಲೆ ಹೇಳಿದ 12 ಸುರುಳಿಗಳನ್ನು ಒಂದೇ ಓದುಯಂತ್ರದಲ್ಲಿ ಕ್ಷಣಕ್ಕೆ 400 ಮೆಗಾಬೈಟ್ ವೇಗದಲ್ಲಿ ಪೂರ್ತಿಯಾಗಿ ಓದಲು ಆರು ದಿನಗಳು ಹಿಡಿಯುತ್ತವೆ. ವರ್ಷಕ್ಕೆ ಆರು ದಿನಗಳು ಭಂಡಾರವೊಂದಕ್ಕೆ ಭಾರವಲ್ಲ.

ಲಿಪಿಯ ಪ್ರಶ್ನೆ

ಗರಿ ಉಳಿದಿದ್ದರೂ ಅದರ ಲಿಪಿಯನ್ನು ಬಲ್ಲವರು ಇಲ್ಲದಿದ್ದರೆ ಗ್ರಂಥವು ಮೂಕವಾಗುತ್ತದೆ. ಕಾಂತಪಟ್ಟಿಗೂ ಇದೇ ಗತಿ. ಎಲ್‌ಟಿಓ ಸುರುಳಿಯು ಸರಿಯಾಗಿ ಇರಿಸಿದರೆ 30 ವರ್ಷ ಬಾಳಬಹುದೆಂದು ತಯಾರಕರು ಹೇಳುತ್ತಾರೆ. ಆದರೆ ಒಂಬತ್ತನೆಯ ಪೀಳಿಗೆಯ ಓದುಯಂತ್ರವು ತನ್ನ ಪೀಳಿಗೆಯನ್ನೂ ಎಂಟನೆಯದನ್ನೂ ಮಾತ್ರ ಓದಬಲ್ಲದು, ಏಳನೆಯದನ್ನು ಓದಲಾರದು. ಸುರುಳಿಯ ಆಯುಷ್ಯಕ್ಕಿಂತ ಅದನ್ನು ಓದುವ ಯಂತ್ರದ ಆಯುಷ್ಯವೇ ಕಡಮೆ. ಆದುದರಿಂದ ಪ್ರತಿಯೊಂದು ಭಂಡಾರವೂ ಯಂತ್ರಗಳ ಪೀಳಿಗೆ ಬದಲಾಗುವಂತೆಲ್ಲ ತನ್ನ ಸಂಗ್ರಹವನ್ನು ಹೊಸ ಮಾಧ್ಯಮಕ್ಕೆ ವರ್ಗಾಯಿಸಬೇಕು. ಜೀರ್ಣವಾದ ಗರಿಯಿಂದ ಹೊಸ ಗರಿಗೆ ಪ್ರತಿ ಮಾಡುತ್ತ ಬಂದ ಲಿಪಿಕಾರರ ಪರಂಪರೆಯೇ ಇಲ್ಲಿಯೂ ಮುಂದುವರಿಯುತ್ತದೆ. ಚಿತ್ರಗಳನ್ನು ಒಂದೇ ಸಂಸ್ಥೆಯ ತಂತ್ರಾಂಶವು ಮಾತ್ರ ತೆರೆಯಬಲ್ಲ ರೂಪದಲ್ಲಿ ಇಡದೆ, ಟಿಫ್‌ನಂತಹ ಸರ್ವವಿದಿತ ರೂಪದಲ್ಲಿ ಇಡುವುದೂ ಇದೇ ಕಾರಣದಿಂದ ಉಚಿತ.

ಪಾಲಕರು ಮತ್ತು ವಿಧಿಗಳು

ಧರಸೇನಾಚಾರ್ಯರಿಗೆ ಶ್ರುತವಿಚ್ಛೇದದ ಭಯವುಂಟಾದುದು ಜ್ಞಾನವು ತಮ್ಮೊಬ್ಬರಲ್ಲಿಯೇ ನಿಂತಿತ್ತೆಂಬುದರಿಂದ. ಅವರು ಕರೆಸಿಕೊಂಡುದು ಒಬ್ಬರನ್ನಲ್ಲ, ಇಬ್ಬರನ್ನು. ಸರ್ವರಿನ ಗುಪ್ತಪದಗಳೂ ರಚನೆಯ ವಿವರಗಳೂ ಒಬ್ಬ ತಂತ್ರಜ್ಞನ ನೆನಪಿನಲ್ಲಿ ಮಾತ್ರ ಇರುವ ಭಂಡಾರವು ಅದೇ ಅಪಾಯದಲ್ಲಿದೆ. ಕನಿಷ್ಠ ಇಬ್ಬರು ಪಾಲಕರು ಇರಬೇಕು. ವ್ಯವಸ್ಥೆಯ ವಿವರವು ಕಾಗದದ ಮೇಲೆ ಬರೆದು ಮುದ್ರೆಯೊತ್ತಿ ಇಡಲ್ಪಟ್ಟಿರಬೇಕು. ಮಾಡಿದ ಪ್ರತಿಯೊಂದು ಬದಲಾವಣೆಯೂ ತಾರೀಖು ಸಹಿತ ದಿನಚರಿಯಲ್ಲಿ ನಮೂದಾಗಬೇಕು. ಚಿತ್ರಗಳನ್ನು ಓದುವ ಅಧಿಕಾರವು ಎಲ್ಲ ವಿದ್ವಾಂಸರಿಗೂ ಇರಲಿ. ಅಳಿಸುವ ಅಧಿಕಾರವು ಒಬ್ಬರ ಕೈಯಲ್ಲಿಯೂ ಏಕಾಕಿಯಾಗಿ ಇರಬಾರದು.

ಪಾಲನೆಯ ಕ್ರಮವನ್ನು ಹೀಗೆ ಸಂಗ್ರಹಿಸಬಹುದು. ನಿತ್ಯದಲ್ಲಿ ಎಚ್ಚರಿಕೆಯ ದೀಪಗಳು, ಕೋಣೆಯ ಉಷ್ಣತೆ, ಹಿಂದಿನ ರಾತ್ರಿಯ ಪ್ರತಿಯ ಫಲಿತಾಂಶ ಇವುಗಳನ್ನು ಕಣ್ಣಾರೆ ನೋಡುವುದು. ಸಂದೇಶವು ಬರಲಿಲ್ಲವೆಂಬುದನ್ನು ಶುಭವೆಂದು ಭಾವಿಸದಿರುವುದು. ಮಾಸದಲ್ಲಿ ತಂತ್ರಾಂಶದ ರಕ್ಷಣಾ ಪರಿಷ್ಕರಣಗಳನ್ನು ಹಾಕುವುದು, ಬಿಟ್ಟುಹೋದವರ ಪ್ರವೇಶವನ್ನು ರದ್ದುಪಡಿಸುವುದು. ಮೂರು ಅಥವಾ ಆರು ತಿಂಗಳಿಗೊಮ್ಮೆ ಎಲ್ಲ ಚೆಕ್‌ಸಮ್‌ಗಳನ್ನು ತಾಳೆ ನೋಡುವುದು, ಬ್ಯಾಟರಿ ಮತ್ತು ಜನರೇಟರನ್ನು ಭಾರ ಹಾಕಿ ಪರೀಕ್ಷಿಸುವುದು. ವರ್ಷಕ್ಕೊಮ್ಮೆ ಸುರುಳಿಗಳಿಂದ ಪೂರ್ಣ ಪುನಃಸ್ಥಾಪನೆ ಮಾಡಿ, ಅದರಿಂದ ಕೆಲವು ಗರಿಗಳ ಚಿತ್ರಗಳನ್ನು ಆಯ್ದು, ಮೂಲ ಗರಿಗಳನ್ನು ಎದುರಿಗಿಟ್ಟುಕೊಂಡು ಪಂಡಿತರೇ ಓದಿ ನೋಡುವುದು. ಈ ವಾರ್ಷಿಕ ವಿಧಿಗೆ ಶ್ರುತಪಂಚಮಿಗಿಂತ ಯೋಗ್ಯವಾದ ದಿನವಿಲ್ಲ. ಷಟ್ಖಂಡಾಗಮವು ಪುಸ್ತಕಾರೂಢವಾಗಿ ಚತುರ್ವಿಧ ಸಂಘದಿಂದ ಪೂಜಿತವಾದ ಆ ಜ್ಯೇಷ್ಠ ಶುಕ್ಲ ಪಂಚಮಿಯಂದು ಕಟ್ಟುಗಳೂ ಸುರುಳಿಗಳೂ ಒಟ್ಟಿಗೆ ಬಿಚ್ಚಲ್ಪಡಲಿ.

ಮೂಲದ ಸ್ಥಾನ

ಸರ್ವರ್ ಬಂದ ಮೇಲೆ ಗರಿಗಳ ಪಾಲನೆಯನ್ನು ಸಡಿಲಿಸಬಹುದೆಂಬ ಅಭಿಪ್ರಾಯವು ಅಲ್ಲಲ್ಲಿ ಕೇಳಿಬರುತ್ತದೆ. ಮೂಡುಬಿದಿರೆಯ ಸಿದ್ಧಾಂತ ಗ್ರಂಥಗಳ ಇತಿಹಾಸವು ಇದನ್ನು ಒಪ್ಪುವುದಿಲ್ಲ. ಅಲ್ಲಿನ ಧವಲಾದಿ ತಾಡಪತ್ರಗಳಿಂದ 19ನೆಯ ಶತಮಾನದ ಕೊನೆಯಲ್ಲಿ ಆರಂಭವಾಗಿ ಮುಂದಿನ ಶತಮಾನದ ಮೊದಲ ದಶಕಗಳವರೆಗೆ ಪ್ರತಿಗಳಾದುವು. ಅವು ಉತ್ತರಕ್ಕೆ ಹೋಗಿ, ಪ್ರತಿಯಿಂದ ಪ್ರತಿಯಾಗಿ ಹಬ್ಬಿದುದರಿಂದಲೇ ಡಾ. ಹೀರಾಲಾಲ ಜೈನರು 1939ರಲ್ಲಿ ಷಟ್ಖಂಡಾಗಮದ ಪ್ರಥಮ ಸಂಪುಟವನ್ನು ಅಮರಾವತಿಯಿಂದ ಹೊರತರಲು ಸಾಧ್ಯವಾಯಿತು. ಇದು ಪ್ರತಿಗಳ ಮಹಿಮೆ. ಆದರೆ ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ 'ಸಂಜದ' ಪದವು ಇರಬೇಕೇ ಬೇಡವೇ ಎಂಬ ವಿವಾದವು ಎದ್ದಾಗ ಆ ಪ್ರತಿಗಳಲ್ಲಿ ಪರಿಹಾರವಿರಲಿಲ್ಲ; ಅವುಗಳಲ್ಲಿ ಆ ಪದವು ಬಿಟ್ಟುಹೋಗಿತ್ತು. ಮೂಡುಬಿದಿರೆಯ ತಾಡಪತ್ರವನ್ನು ನೋಡಿದಾಗ ಪದವು ಅಲ್ಲಿರುವುದು ಕಂಡುಬಂದಿತು. ಮೂರಕ್ಷರಗಳ ಒಂದು ಪದ. ಅದರ ಮೇಲೆ ನಿಂತಿದ್ದುದು ಸಿದ್ಧಾಂತದ ಒಂದು ಮಹತ್ತ್ವದ ಪ್ರಶ್ನೆ. ಪ್ರತಿಗಳು ಗ್ರಂಥವನ್ನು ಲೋಕಕ್ಕೆ ಉಳಿಸಿಕೊಟ್ಟುವು. ಗರಿಯು ಪಾಠವನ್ನು ಉಳಿಸಿಕೊಟ್ಟಿತು.

ಸರ್ವರ್ ಎಂಬುದು ಈ ಪ್ರತಿಪರಂಪರೆಯಲ್ಲಿ ಇತ್ತೀಚೆಗೆ ಸೇರಿದ ಲಿಪಿಕಾರ. ಅದರ ವೇಗವೂ ಅದ್ಭುತ, ಮರೆವೂ ಅದ್ಭುತ. ಅದನ್ನು ಕೊಳ್ಳಲು ದಾನಿಗಳು ದೊರೆಯುತ್ತಾರೆ. ಅದನ್ನು ನಿತ್ಯವೂ ನೋಡಿಕೊಳ್ಳುವ ಪಾಲಕನ ವೇತನಕ್ಕೂ, ಕಾಲಕಾಲಕ್ಕೆ ಬದಲಾಯಿಸಬೇಕಾದ ಡಿಸ್ಕುಗಳಿಗೂ, ದೂರದ ಊರಿನ ಪ್ರತಿಗೂ ದಾನಿಗಳು ದೊರೆಯುವುದು ಕಷ್ಟ. ಯಂತ್ರವನ್ನು ಕೊಟ್ಟವರ ಹೆಸರು ಗೋಡೆಯ ಮೇಲಿನ ಫಲಕದಲ್ಲಿ ಇರುತ್ತದೆ, ಸುರುಳಿಯನ್ನು ಬದಲಾಯಿಸಿದವರ ಹೆಸರು ಎಲ್ಲಿಯೂ ಇರುವುದಿಲ್ಲ. ಶಾಸ್ತ್ರದಾನವೆಂದರೆ ಗ್ರಂಥವನ್ನು ಕೊಡುವುದಷ್ಟೇ ಅಲ್ಲ, ಅದು ಮುಂದಿನವರ ಕೈಗೆ ಅಕ್ಷರಲೋಪವಿಲ್ಲದೆ ತಲುಪುವಂತೆ ಮಾಡುವುದು ಎಂಬ ಅರ್ಥವನ್ನು ಸಮಾಜವು ಅಂಗೀಕರಿಸಿದರೆ, ಪಾಲನೆಯ ವೆಚ್ಚವೂ ಶಾಸ್ತ್ರದಾನದ ಲೆಕ್ಕದಲ್ಲಿಯೇ ಸೇರಬೇಕಾಗುತ್ತದೆ. ಗಣಕೀಕರಣಕ್ಕೆ ಕೈಹಾಕುವ ಪ್ರತಿಯೊಂದು ಭಂಡಾರವೂ ಮೊದಲ ಚಿತ್ರವನ್ನು ತೆಗೆಯುವ ಮುನ್ನವೇ ಈ ನಿಧಿಯನ್ನು ಪ್ರತ್ಯೇಕವಾಗಿ ಇರಿಸಿಕೊಳ್ಳುವುದು ಶ್ರೇಯಸ್ಕರ.